ಸ್ತನ ಕ್ಯಾನ್ಸರ್ ತಡವಾಗಿ ಪತ್ತೆಯಾಗುವುದಕ್ಕೆ ಹೊಣೆ ಯಾರದು? ಕಡಿಮೆ ಆದಾಯದ ದೇಶಗಳನ್ನು ಕುರಿತ ಚರ್ಚೆ

ಹೊಸತೊರೆ (ಚರ್ಚೆ ಆರಂಭಿಸಿದವರು)

ಬಡ ರಾಷ್ಟ್ರಗಳ ಸ್ತನ ಕ್ಯಾನ್ಸರಿನ ಮಾತು ಬಂದಾಗಲೆಲ್ಲ "ಹೆಂಗಸರು ಕೊನೆಯ ಹಂತದಲ್ಲಿ ಬರುತ್ತಾರೆ, ನಾವೇನು ಮಾಡುವುದು" ಎಂದು ಹೇಳಿ ಎಲ್ಲರೂ ಕೈತೊಳೆದುಕೊಳ್ಳುತ್ತಾರೆ. ಆ ಮಾತಿನಲ್ಲಿ ಸತ್ಯದ ಅಂಶ ಇದೆ. ಆದರೆ ಅದು ಅರ್ಧ ಸತ್ಯ ಎಂಬುದು ನನ್ನ ಅಭಿಪ್ರಾಯ, ಮತ್ತು ಉಳಿದರ್ಧದ ಬಗ್ಗೆ ಇಲ್ಲಿ ಚರ್ಚೆಯಾಗಲಿ ಎಂಬುದು ನನ್ನ ಆಸೆ.

ಮೊದಲು ಸಮಸ್ಯೆಯ ಗಾತ್ರವನ್ನು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 23 ಲಕ್ಷ ಮಹಿಳೆಯರಲ್ಲಿ ಈ ರೋಗ ಪತ್ತೆಯಾಯಿತು ಮತ್ತು ಸುಮಾರು 6,70,000 ಮಂದಿ ಅದರಿಂದ ತೀರಿಕೊಂಡರು. ಮಾನವ ಅಭಿವೃದ್ಧಿ ಸೂಚ್ಯಂಕದ ಮೇಲ್ತುದಿಯಲ್ಲಿರುವ ದೇಶಗಳಲ್ಲಿ 12 ಮಹಿಳೆಯರಲ್ಲಿ ಒಬ್ಬರಿಗೆ ಜೀವಿತಾವಧಿಯಲ್ಲಿ ರೋಗ ಪತ್ತೆಯಾದರೆ, 71ರಲ್ಲಿ ಒಬ್ಬರು ಅದರಿಂದ ಸಾಯುತ್ತಾರೆ. ಸೂಚ್ಯಂಕದ ಕೆಳಗಿನ ದೇಶಗಳಲ್ಲಿ ರೋಗ ಪತ್ತೆಯಾಗುವುದು 27ರಲ್ಲಿ ಒಬ್ಬರಿಗೆ ಮಾತ್ರ, ಆದರೆ ಸಾಯುವವರು 48ರಲ್ಲಿ ಒಬ್ಬರು. ರೋಗ ಕಡಿಮೆ ಇರುವಲ್ಲಿಯೇ ಸಾವು ಹೆಚ್ಚಾಗಿದೆ. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದ 17 ದೇಶಗಳ 83 ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಶೇ. 77ರಷ್ಟು ಮಹಿಳೆಯರಲ್ಲಿ ರೋಗ ಮೂರನೆಯ ಅಥವಾ ನಾಲ್ಕನೆಯ ಹಂತಕ್ಕೆ (ಒಟ್ಟು ನಾಲ್ಕು ಹಂತಗಳಲ್ಲಿ ಕೊನೆಯ ಎರಡು) ಹೋದ ಮೇಲೆ ಪತ್ತೆಯಾಗಿತ್ತು.

ಈ ತಡ ಎಲ್ಲಿ ಆಗುತ್ತದೆ ಎಂಬುದು ನನ್ನ ಪ್ರಶ್ನೆ. ರುವಾಂಡಾದ ಬುಟಾರೊ ಮತ್ತಿತರ ಗ್ರಾಮೀಣ ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಂಟು ಗಮನಕ್ಕೆ ಬಂದ ಮೇಲೆ ಮಹಿಳೆ ಆರೋಗ್ಯ ಕೇಂದ್ರಕ್ಕೆ ಹೋಗಲು ತೆಗೆದುಕೊಂಡ ಅವಧಿಯ ಮಧ್ಯಕ ಮೌಲ್ಯ (ಅರ್ಧದಷ್ಟು ಮಂದಿಗೆ ಇದಕ್ಕಿಂತ ಕಡಿಮೆ, ಉಳಿದವರಿಗೆ ಹೆಚ್ಚು) 5 ತಿಂಗಳು. ಆಕೆ ಹೋದ ಮೇಲೆ ರೋಗನಿರ್ಣಯವಾಗಲು ವ್ಯವಸ್ಥೆ ತೆಗೆದುಕೊಂಡದ್ದು ಮತ್ತೆ 5 ತಿಂಗಳು. ಮೆಕ್ಸಿಕೋ ನಗರದ ಸಾರ್ವಜನಿಕ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದಲ್ಲಿ, ಲಕ್ಷಣ ಕಂಡಂದಿನಿಂದ ಚಿಕಿತ್ಸೆ ಆರಂಭವಾಗುವವರೆಗಿನ 7 ತಿಂಗಳಲ್ಲಿ ಅತಿ ಉದ್ದನೆಯ ಭಾಗ ಮೊದಲ ವೈದ್ಯರ ಭೇಟಿಗೂ ರೋಗನಿರ್ಣಯಕ್ಕೂ ನಡುವಿನ 4 ತಿಂಗಳು. ಅಂದರೆ ಮಹಿಳೆ ಬಾಗಿಲು ತಟ್ಟಿದ ಮೇಲೆಯೇ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಕಾಲ ಕಳೆದುಹೋಗಿದೆ. ಈ ಎರಡನೆಯ ಅವಧಿಯ ಬಗ್ಗೆ ಅರಿವು ಮೂಡಿಸುವ ಪೋಸ್ಟರುಗಳು ಏನನ್ನೂ ಹೇಳುವುದಿಲ್ಲ.

---

ಅರಿವಿನಹಾದಿ

ನಿಮ್ಮ ಅಂಕಿಗಳನ್ನು ಒಪ್ಪುತ್ತೇನೆ, ಆದರೆ ಮೊದಲ 5 ತಿಂಗಳನ್ನು ನೀವು ಬೇಗನೆ ದಾಟಿಹೋದಿರಿ ಎನಿಸಿತು. ಅದೇ ರುವಾಂಡಾದ ಅಧ್ಯಯನದಲ್ಲಿ, ಓದು ಕಡಿಮೆ ಇದ್ದವರೂ ಮೊದಲು ನಾಟಿ ವೈದ್ಯರ ಬಳಿಗೆ ಹೋದವರೂ ಹೆಚ್ಚು ತಡಮಾಡಿದ್ದರು ಎಂಬುದು ಸ್ಪಷ್ಟವಾಗಿ ಕಂಡುಬಂದಿತ್ತು. ಅರಿವಿನ ಕೊರತೆ ಎಂಬುದು ಯಾರೋ ಕಟ್ಟಿದ ಕಥೆಯಲ್ಲ.

ಈ ರೋಗದ ಸ್ವಭಾವವೇ ಮೋಸದ್ದು. ಆರಂಭದ ಗಂಟು ಬಹುತೇಕ ನೋಯುವುದಿಲ್ಲ. ನೋವಿದ್ದರೆ ಮಾತ್ರ ಕಾಯಿಲೆ ಎಂಬ ತಿಳಿವಳಿಕೆಯಲ್ಲಿ ಬದುಕುವವರಿಗೆ, ಅದರಲ್ಲಿಯೂ ದಿನಗೂಲಿಗೆ ಒಂದು ದಿನ ತಪ್ಪಿದರೆ ಮನೆಯ ಲೆಕ್ಕವೇ ತಪ್ಪುವವರಿಗೆ, ನೋಯದ ಗಂಟಿಗಾಗಿ ಆಸ್ಪತ್ರೆಗೆ ಹೋಗುವುದು ಅನಗತ್ಯ ಎನಿಸುವುದು ಸಹಜ. ಚರ್ಮ ಗುಳಿ ಬಿದ್ದಾಗ, ತೊಟ್ಟು ಒಳಕ್ಕೆ ಸೆಳೆದುಕೊಂಡಾಗ, ಕಂಕುಳಲ್ಲಿ ಗಡ್ಡೆ ಕೈಗೆ ಸಿಕ್ಕಾಗ ಅಥವಾ ಹುಣ್ಣು ಒಡೆದು ವಾಸನೆ ಬಂದಾಗಲಷ್ಟೇ ಅದು "ಕಾಯಿಲೆ" ಆಗುತ್ತದೆ. ಅಷ್ಟು ಹೊತ್ತಿಗೆ ಅದು ಅನೇಕ ಬಾರಿ ಮೂರನೆಯ ಹಂತವನ್ನು ಮುಟ್ಟಿರುತ್ತದೆ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಅನೇಕ ಸಮಾಜಗಳಲ್ಲಿ ಆಸ್ಪತ್ರೆಗೆ ಹೋಗುವ ನಿರ್ಧಾರ ಮಹಿಳೆಯ ಕೈಯಲ್ಲಿ ಇರುವುದಿಲ್ಲ. ಹಣ, ಜೊತೆಗೆ ಬರುವವರು, ಮಕ್ಕಳನ್ನು ನೋಡಿಕೊಳ್ಳುವವರು, ಗಂಡಸು ವೈದ್ಯರ ಮುಂದೆ ಎದೆ ತೋರಿಸಲು ಮನೆಯವರ ಸಮ್ಮತಿ, ಇವೆಲ್ಲ ಕೂಡಿಬರಬೇಕು. ಹೀಗಿರುವಾಗ ಅರಿವಿನ ಕೆಲಸವನ್ನು ಹಿಂದಕ್ಕೆ ತಳ್ಳುವ ಧಾಟಿ ನನಗೆ ಒಪ್ಪಿಗೆಯಿಲ್ಲ.

---

ಹೊಸತೊರೆ

ಹಿಂದಕ್ಕೆ ತಳ್ಳುವುದು ನನ್ನ ಉದ್ದೇಶವಲ್ಲ. ಆದರೆ ಅದೇ ಅಧ್ಯಯನದ ಮುಂದಿನ ಸಾಲನ್ನೂ ಓದಬೇಕು: ರೋಗನಿರ್ಣಯಕ್ಕೆ ಮೊದಲು 5 ಅಥವಾ ಅದಕ್ಕಿಂತ ಹೆಚ್ಚು ಬಾರಿ ಆರೋಗ್ಯ ಕೇಂದ್ರಗಳಿಗೆ ಅಲೆದವರಲ್ಲಿ ವ್ಯವಸ್ಥೆಯಿಂದಾದ ತಡ ಹೆಚ್ಚಾಗಿತ್ತು. ಐದು ಬಾರಿ ಅಲೆದವರಿಗೆ ಅರಿವಿಲ್ಲ ಎಂದು ಯಾವ ಬಾಯಿಂದ ಹೇಳುವುದು? ಅವರು ಮಾಡಬೇಕಾದದ್ದನ್ನು ಮಾಡಿದ್ದಾರೆ, ಐದೂ ಬಾರಿ.

---

ಶುಶ್ರೂಷಕಿ_ಹಿರಿಯ

ನಾನು ಬಹುಕಾಲ ಪ್ರಾಥಮಿಕ ಹಂತದ ಆರೋಗ್ಯ ಸೇವೆಯಲ್ಲಿದ್ದವಳು. ಆ ಐದು ಭೇಟಿಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ನೋಡಿದ್ದೇನೆ, ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲ ಭೇಟಿಯಲ್ಲಿ ಮಹಿಳೆ ಗಂಟಿನ ವಿಷಯವನ್ನು ನೇರವಾಗಿ ಹೇಳುವುದು ಅಪರೂಪ. ತಲೆನೋವು, ಸುಸ್ತು ಅಥವಾ ಮಗುವಿನ ಕೆಮ್ಮು ಎಂದು ಮಾತು ಶುರುವಾಗುತ್ತದೆ. ಹೊರಡುವ ಹೊತ್ತಿಗೆ, ಬಾಗಿಲ ಬಳಿ ನಿಂತು, "ಇಲ್ಲೊಂದು ಗಟ್ಟಿ ಇದೆ" ಎನ್ನುತ್ತಾರೆ. ಹೊರಗೆ ಸಾಲು ನಿಂತಿರುತ್ತದೆ, ಪರದೆಯಿರುವ ಕೋಣೆ ಇರುವುದಿಲ್ಲ, ಪರೀಕ್ಷಿಸಬೇಕಾದವರಿಗೆ ಸ್ತನ ಪರೀಕ್ಷೆಯ ತರಬೇತಿ ಸಿಕ್ಕಿರುವುದಿಲ್ಲ. ಬಟ್ಟೆಯ ಮೇಲಿನಿಂದಲೇ ಮುಟ್ಟಿ ನೋಡಿ "ಗಾಬರಿ ಬೇಡ" ಎಂದು ಕಳುಹಿಸಿದ ಪ್ರಸಂಗಗಳು ಬೇಕಾದಷ್ಟಿವೆ. ಆಕೆ ಮೂವತ್ತರ ಆಸುಪಾಸಿನವಳಾಗಿದ್ದರೆ ಹಾಲಿನ ಗಂಟು ಎನ್ನುತ್ತಾರೆ, ಹಾಲೂಡಿಸುತ್ತಿದ್ದರೆ ಬಾವು ಎಂದು ಆಂಟಿಬಯಾಟಿಕ್ ಕೊಡುತ್ತಾರೆ. ಒಂದು ಸುತ್ತು ಮಾತ್ರೆಯಿಂದ ಕಡಿಮೆಯಾಗದಿದ್ದರೆ ಇನ್ನೊಂದು ಸುತ್ತು. ಕೆಲವೊಮ್ಮೆ ಕೀವು ಇದೆಯೆಂದು ಕೊಯ್ದು ನೋಡುತ್ತಾರೆ, ಕೀವು ಬರುವುದಿಲ್ಲ, ಗಾಯ ಮಾಯುವುದಿಲ್ಲ.

ಇದರಲ್ಲಿ ದುರುದ್ದೇಶ ಹುಡುಕಬೇಡಿ. ಸ್ತನದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ ಎಂಬುದು ನಿಜ, ಯುವತಿಯರಲ್ಲಂತೂ ಇನ್ನಷ್ಟು ನಿಜ. ಸಣ್ಣ ಕೇಂದ್ರವೊಂದರ ಸಿಬ್ಬಂದಿ ವರ್ಷಕ್ಕೆ ಒಂದು ಕ್ಯಾನ್ಸರ್ ಗಂಟನ್ನೂ ಕಾಣದೆ ಇರಬಹುದು. ನೂರಾರು ಸಾಧಾರಣ ಗಂಟುಗಳ ನಡುವೆ ಅಪಾಯದ ಒಂದನ್ನು ಬೆರಳಿನಿಂದ ಗುರುತಿಸುವುದು ಸುಲಭವಲ್ಲ. ತಪ್ಪು ಇರುವುದು ಮುಂದಿನ ಹೆಜ್ಜೆಯಲ್ಲಿ: ಎರಡು ಮೂರು ವಾರಗಳಲ್ಲಿ ಕರಗದ ಗಂಟು ಯಾವುದೇ ವಯಸ್ಸಿನವರದಾಗಿದ್ದರೂ ಸ್ಕ್ಯಾನಿಂಗಿಗೆ ಹೋಗಬೇಕು ಎಂಬ ನಿಯಮವಾಗಲಿ, ಆಕೆ ಮತ್ತೆ ಬಂದಳೇ ಎಂದು ನೋಡುವವರಾಗಲಿ ಇರುವುದಿಲ್ಲ. "ಗಾಬರಿ ಬೇಡ" ಎಂಬ ಮಾತನ್ನು ಆಕೆ ತೀರ್ಪೆಂದು ಸ್ವೀಕರಿಸುತ್ತಾಳೆ. ಆಮೇಲೆ ಗಂಟು ದೊಡ್ಡದಾದರೂ, ಪರೀಕ್ಷೆ ಆಗಿದೆಯಲ್ಲ ಎಂದು ಧೈರ್ಯ ತಂದುಕೊಂಡು ಸುಮ್ಮನಿರುತ್ತಾಳೆ. ನನ್ನ ಮಟ್ಟಿಗೆ, ತಡಗಳಲ್ಲೆಲ್ಲ ಅತ್ಯಂತ ಕೆಟ್ಟದ್ದು ಇದು, ಏಕೆಂದರೆ ಇದನ್ನು ಹುಟ್ಟಿಸಿದವರು ನಾವು.

---

ಗಾಜಿನಪಟ್ಟಿ

ನಾನು ಅಂಗಾಂಶ ಪರೀಕ್ಷೆಯ ಪ್ರಯೋಗಾಲಯದಲ್ಲಿ ತಂತ್ರಜ್ಞನಾಗಿ ಕೆಲಸ ಮಾಡುತ್ತೇನೆ. ಮೇಲಿನವರೆಲ್ಲ ಬಿಟ್ಟ ಒಂದು ಕೊಂಡಿಯನ್ನು ಸೇರಿಸುತ್ತೇನೆ. ಸ್ಕ್ಯಾನಿಂಗಿನಲ್ಲಿ ಅನುಮಾನ ಬಂದರೂ ಕ್ಯಾನ್ಸರ್ ಎಂದು ಹೇಳುವ ಹಕ್ಕು ಸೂಕ್ಷ್ಮದರ್ಶಕದ್ದು, ಮತ್ತು ಬಡ ರಾಷ್ಟ್ರಗಳಲ್ಲಿ ಸರಪಳಿ ಅತಿ ಹೆಚ್ಚು ಕಡಿದುಹೋಗುವುದು ಅಲ್ಲಿಯೇ. ಹತ್ತು ಲಕ್ಷ ಜನರಿಗೆ ಒಬ್ಬ ಪೆಥಾಲಜಿಸ್ಟ್ (ಅಂಗಾಂಶವನ್ನು ನೋಡಿ ರೋಗ ಹೇಳುವ ವೈದ್ಯ) ಕೂಡ ಇಲ್ಲದ ದೇಶಗಳು ಆಫ್ರಿಕಾದಲ್ಲಿವೆ. ಇರುವವರೂ ರಾಜಧಾನಿಯಲ್ಲಿರುತ್ತಾರೆ.

ಸರಿಯಾದ ಕ್ರಮ ಹೀಗಿರಬೇಕು. ದಪ್ಪ ಸೂಜಿಯ ಬಯಾಪ್ಸಿಯಿಂದ ತೆಗೆದ ಎಳೆಯಂಥ ತುಣುಕುಗಳನ್ನು ಒಂದು ಗಂಟೆಯೊಳಗೆ ಅಂಗಾಂಶ ಕೊಳೆಯದಂತೆ ಕಾಯುವ ಶೇ. 10ರ ಬಫರ್ ಮಾಡಿದ ಫಾರ್ಮಲಿನ್‌ನಲ್ಲಿ ಹಾಕಬೇಕು. ದ್ರಾವಣ ಅಂಗಾಂಶದ ಸುಮಾರು ಹತ್ತು ಪಟ್ಟು ಇರಬೇಕು. ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಅದರಲ್ಲಿರಬೇಕು. ಬಳಿಕ ಮೇಣದಲ್ಲಿ ಕೂರಿಸಿ, ತೆಳುವಾಗಿ ಸೀಳಿ, ಬಣ್ಣ ಹಾಕಿ ನೋಡಬೇಕು. ಕ್ಯಾನ್ಸರ್ ಖಚಿತವಾದರೆ ಈಸ್ಟ್ರೊಜೆನ್, ಪ್ರೊಜೆಸ್ಟೆರಾನ್ ಮತ್ತು ಹರ್-2 ಗ್ರಾಹಕಗಳ, ಅಂದರೆ ಗಡ್ಡೆ ಯಾವ ಔಷಧಿಗೆ ಸ್ಪಂದಿಸೀತು ಎಂದು ತಿಳಿಸುವ ಪ್ರೋಟೀನುಗಳ, ಪರೀಕ್ಷೆ ನಡೆಯಬೇಕು.

ನಮ್ಮಂಥ ಕಡೆಗೆ ಬರುವ ಮಾದರಿ ಹೇಗಿರುತ್ತದೆ? ದಪ್ಪ ಸೂಜಿಯ ಸಾಧನವಿಲ್ಲದ ಕಾರಣ ಇಡೀ ಗಂಟನ್ನೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆದಿರುತ್ತಾರೆ. ಅದಕ್ಕಾಗಿ ಆಪರೇಷನ್ ಕೋಣೆಯ ಸರದಿಗೆ ರೋಗಿ ವಾರಗಟ್ಟಲೆ ಕಾದಿರುತ್ತಾಳೆ. ಮುಷ್ಟಿಗಾತ್ರದ ಗಡ್ಡೆಯನ್ನು ಬಾಯಿ ಚಿಕ್ಕದಾದ ಬಾಟಲಿಗೆ ಒತ್ತಿ ತುಂಬಿರುತ್ತಾರೆ, ದ್ರಾವಣ ತಳದಲ್ಲಿ ಎರಡು ಬೆರಳಷ್ಟು ಇರುತ್ತದೆ. ಬಾಟಲಿಯನ್ನು ತರುವವರು ಮನೆಯವರು. ಹೊರಭಾಗ ಗಟ್ಟಿಯಾಗಿ ಬೂದು ಬಣ್ಣಕ್ಕೆ ತಿರುಗಿದ್ದರೂ ಕೊಯ್ದು ನೋಡಿದರೆ ನಡುವೆ ಕೊಳೆತ ಕೆಂಪು ತಿರುಳು. ಅಂಥ ತಿರುಳಿನಲ್ಲಿ ಗ್ರಾಹಕ ಪರೀಕ್ಷೆ ಋಣಾತ್ಮಕ ಎಂದು ಬಂದರೆ ಅದನ್ನು ನಂಬುವಂತಿಲ್ಲ. ಚೀಟಿಯಲ್ಲಿ ರೋಗಿಯ ವಯಸ್ಸಾಗಲಿ, ಗಂಟು ಯಾವ ಕಡೆಯದು ಎಂಬುದಾಗಲಿ ಇರುವುದಿಲ್ಲ. "ಮಾದರಿ ಯೋಗ್ಯವಾಗಿಲ್ಲ, ಮತ್ತೆ ಕಳುಹಿಸಿ" ಎಂದು ಬರೆಯಬೇಕಾಗುತ್ತದೆ, ಮತ್ತು ಹಾಗೆ ಬರೆಸಿಕೊಂಡ ಅನೇಕ ರೋಗಿಗಳು ಮತ್ತೆ ಬರುವುದಿಲ್ಲ.

ಇದಕ್ಕಿಂತಲೂ ಹೊಟ್ಟೆಗೆ ಬೆಂಕಿ ಬೀಳುವ ಸಂಗತಿ ಇನ್ನೊಂದಿದೆ: ತೆಗೆದ ಗಂಟನ್ನು ಪರೀಕ್ಷೆಗೆ ಕಳುಹಿಸದೆ ಎಸೆದುಬಿಡುವುದು. ಗಂಟು ಹೋಯಿತಲ್ಲ ಎಂದು ರೋಗಿ ಸಮಾಧಾನದಿಂದ ಹೋಗುತ್ತಾಳೆ. ಅದು ಅದೇ ಜಾಗದಲ್ಲಿ ಮತ್ತೆ ಬೆಳೆದಾಗ, ಮೊದಲು ಅಲ್ಲಿ ಏನಿತ್ತು ಎಂಬುದಕ್ಕೆ ಸಾಕ್ಷಿಯೇ ಇರುವುದಿಲ್ಲ.

---

ದೂರದೃಷ್ಟಿ

ಇಷ್ಟೆಲ್ಲ ಸುತ್ತುವ ಬದಲು ಎಲ್ಲ ಮಹಿಳೆಯರಿಗೂ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಸೌಲಭ್ಯ ಕೊಟ್ಟರೆ ಸಮಸ್ಯೆ ಬಗೆಹರಿಯುವುದಿಲ್ಲವೇ? ಶ್ರೀಮಂತ ದೇಶಗಳು ಮಾಡಿದ್ದು ಅದನ್ನೇ ಅಲ್ಲವೇ?

---

ಅಂಕಿಗಣ್ಣು

ಗಾಜಿನಪಟ್ಟಿಯವರು ಬರೆದದ್ದನ್ನು ಓದಿದ ಮೇಲೂ ಈ ಪ್ರಶ್ನೆ ಉಳಿಯಬಾರದಿತ್ತು. ಮ್ಯಾಮೊಗ್ರಾಮ್ ಮಾಡುವುದು ಅನುಮಾನವನ್ನು ಹುಟ್ಟಿಸುವ ಕೆಲಸ. ಆ ಅನುಮಾನವನ್ನು ಬಗೆಹರಿಸಲು ಮತ್ತೆ ಅದೇ ಸೂಜಿ, ಅದೇ ಫಾರ್ಮಲಿನ್, ಅದೇ ಪೆಥಾಲಜಿಸ್ಟ್ ಬೇಕು. ಗಂಟು ಕೈಗೆ ಸಿಕ್ಕವರಿಗೇ ಬಯಾಪ್ಸಿ ಸಿಗದ ಕಡೆ, ಗಂಟೇ ಇಲ್ಲದ ಸಾವಿರಾರು ಮಂದಿಯನ್ನು ಅದೇ ಸಾಲಿಗೆ ಸೇರಿಸಿದರೆ ನಿಜವಾದ ರೋಗಿ ಇನ್ನೂ ಹಿಂದಕ್ಕೆ ಹೋಗುತ್ತಾಳೆ. ಜೊತೆಗೆ, ಈ ದೇಶಗಳ ಜನಸಂಖ್ಯೆಯಲ್ಲಿ ಕಿರಿಯರೇ ಹೆಚ್ಚಾಗಿರುವುದರಿಂದ ರೋಗಿಗಳ ಸರಾಸರಿ ವಯಸ್ಸೂ ಕಡಿಮೆ, ಮತ್ತು ಕಿರಿಯ ಮಹಿಳೆಯರ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಎಕ್ಸ್-ರೇ ಚಿತ್ರದಲ್ಲಿ ಗಂಟು ಮರೆಯಾಗುವ ಸಾಧ್ಯತೆ ಹೆಚ್ಚು.

ಅಗ್ಗದ ದಾರಿಗಳ ಬಗ್ಗೆ ಇರುವ ಸಾಕ್ಷ್ಯ ಆಸಕ್ತಿಕರವಾಗಿದೆ. ಶಾಂಘೈನ ಜವಳಿ ಗಿರಣಿಗಳ ಸುಮಾರು 2,66,000 ಮಹಿಳಾ ಕಾರ್ಮಿಕರಲ್ಲಿ, ಸ್ತನವನ್ನು ತಾವೇ ಪರೀಕ್ಷಿಸಿಕೊಳ್ಳುವ ತರಬೇತಿಯಿಂದ ಪ್ರಯೋಜನವಿದೆಯೇ ಎಂದು ನೋಡಲಾಯಿತು. 2002ರಲ್ಲಿ ಪ್ರಕಟವಾದ ಅಂತಿಮ ಫಲಿತಾಂಶದಂತೆ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ, ಅಪಾಯವಿಲ್ಲದ ಗಂಟುಗಳ ಬಯಾಪ್ಸಿ ಮಾತ್ರ ಹೆಚ್ಚಾಯಿತು. ಮುಂಬೈಯಲ್ಲಿ ಟಾಟಾ ಸ್ಮಾರಕ ಕೇಂದ್ರದವರು 1998ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ, 35ರಿಂದ 64 ವರ್ಷದ ಸುಮಾರು ಒಂದೂವರೆ ಲಕ್ಷ ಮಹಿಳೆಯರ ಪೈಕಿ ಒಂದು ಗುಂಪಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದರು. ಪರೀಕ್ಷೆಗೊಳಗಾದ ಗುಂಪಿನಲ್ಲಿ ಪತ್ತೆಯಾದ ಕ್ಯಾನ್ಸರುಗಳ ಪೈಕಿ ಶೇ. 37 ಮೂರು ಅಥವಾ ನಾಲ್ಕನೆಯ ಹಂತದಲ್ಲಿದ್ದರೆ, ಇನ್ನೊಂದು ಗುಂಪಿನಲ್ಲಿ ಅದು ಶೇ. 47 ಇತ್ತು. ಒಟ್ಟಾರೆ ಸಾವಿನಲ್ಲಿ ಶೇ. 15ರ ಇಳಿಕೆ ಕಂಡರೂ ಸಂಖ್ಯಾಶಾಸ್ತ್ರದ ಪ್ರಕಾರ ಅದು ಖಚಿತವಲ್ಲ. 50 ದಾಟಿದವರಲ್ಲಿ ಇಳಿಕೆ ಶೇ. 30ರ ಹತ್ತಿರವಿತ್ತು.

ನನಗೆ ಹೆಚ್ಚು ಇಷ್ಟವಾದದ್ದು ಮಲೇಷ್ಯಾದ ಸರವಾಕ್ ರಾಜ್ಯದ ಅನುಭವ. ಅಲ್ಲಿ ದೊಡ್ಡ ಯಂತ್ರಗಳನ್ನು ತರಲಿಲ್ಲ. ಗ್ರಾಮೀಣ ಚಿಕಿತ್ಸಾಲಯಗಳ ಸಿಬ್ಬಂದಿಗೆ ಲಕ್ಷಣಗಳನ್ನು ಗುರುತಿಸುವ ತರಬೇತಿ ಕೊಟ್ಟು, ಅವರ ಮೂಲಕವೇ ಜನರಿಗೆ ತಿಳಿಸಲಾಯಿತು. 1994ರಲ್ಲಿ ಶೇ. 60 ಇದ್ದ ತಡದ ಹಂತದ ಸ್ತನ ಕ್ಯಾನ್ಸರ್ 1998ರ ವೇಳೆಗೆ ಶೇ. 35ಕ್ಕೆ ಇಳಿಯಿತು. ಅರಿವಿನಹಾದಿಯವರಿಗೂ ಹೊಸತೊರೆಯವರಿಗೂ ಇದರಲ್ಲಿ ಪಾಲಿದೆ: ಮಹಿಳೆಯರಿಗೆ ಹೇಳಿದ ಮಾತನ್ನೇ ಅವರು ಬಂದು ತೋರಿಸಿದಾಗ ನೋಡಬೇಕಾದ ಸಿಬ್ಬಂದಿಗೂ ಕಲಿಸಲಾಗಿತ್ತು.

---

ಸಂದೇಹಿ

ಎಲ್ಲರೂ ತಡವನ್ನೇ ದೂರುತ್ತಿದ್ದೀರಿ. ಆಫ್ರಿಕಾದಂಥ ಕಡೆ ಗಡ್ಡೆಗಳೇ ಹೆಚ್ಚು ಉಗ್ರವಾಗಿದ್ದರೆ? ಬೇಗ ಬೆಳೆಯುವ ಕ್ಯಾನ್ಸರ್ ಸಹಜವಾಗಿಯೇ ದೊಡ್ಡದಾದ ಮೇಲೆ ಕಾಣಿಸಿಕೊಳ್ಳುತ್ತದೆ.

---

ಅಂಕಿಗಣ್ಣು

ಪ್ರಶ್ನೆ ನ್ಯಾಯವಾದದ್ದು. ಪಶ್ಚಿಮ ಆಫ್ರಿಕಾ ಮೂಲದ ಮಹಿಳೆಯರಲ್ಲಿ ಮೂರೂ ಗ್ರಾಹಕಗಳಿಲ್ಲದ ಉಗ್ರ ಬಗೆಯ ಕ್ಯಾನ್ಸರ್ ಹೆಚ್ಚಿನ ಪ್ರಮಾಣದಲ್ಲಿದೆ ಎಂಬುದು ದೃಢಪಟ್ಟಿದೆ. ಆದರೆ ಹಾರ್ಮೋನಿಗೆ ಸ್ಪಂದಿಸುವ, ನಿಧಾನವಾಗಿ ಬೆಳೆಯುವ ಬಗೆಯೂ ಅಲ್ಲಿ ಧಾರಾಳವಾಗಿದೆ, ಮತ್ತು ಆ ಬಗೆಯವೂ ತಡದ ಹಂತದಲ್ಲಿಯೇ ಪತ್ತೆಯಾಗುತ್ತಿವೆ. ಜೀವಶಾಸ್ತ್ರ ಒಂದು ಪಾಲನ್ನು ವಿವರಿಸಬಹುದು. ನಮೀಬಿಯಾ, ನೈಜೀರಿಯಾ, ಉಗಾಂಡಾ, ಜಾಂಬಿಯಾಗಳಂಥ ದೇಶಗಳ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ, ಎಬಿಸಿ-ಡಿಒ ಎಂಬ ಹೆಸರಿನ ಆಫ್ರಿಕಾದ ಸ್ತನ ಕ್ಯಾನ್ಸರ್ ಅಧ್ಯಯನದಲ್ಲಿ ಮೂರು ವರ್ಷ ಬದುಕುಳಿದವರು ಒಟ್ಟಾರೆ ಶೇ. 50 ಮಾತ್ರ. ಬೇಗನೆ ಪತ್ತೆಹಚ್ಚಿ, ಚಿಕಿತ್ಸೆಯನ್ನೂ ಸುಧಾರಿಸಿದ್ದರೆ ಆ ಅವಧಿಯ ಸಾವುಗಳಲ್ಲಿ ಶೇ. 28ರಿಂದ 37ರಷ್ಟನ್ನು ತಪ್ಪಿಸಬಹುದಿತ್ತು ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಉಗ್ರ ಗಡ್ಡೆಗೆ ಒಂದೊಂದು ವಾರವೂ ಮುಖ್ಯ ಎಂದಾದರೆ, ನಿಮ್ಮ ವಾದ ತಡವನ್ನು ಕ್ಷಮಿಸುವುದಿಲ್ಲ, ಅದರ ಬೆಲೆಯನ್ನು ಹೆಚ್ಚಿಸುತ್ತದೆ.

---

ಜಮಾಖರ್ಚು

ಹಣದ ಮಾತು ಇನ್ನೂ ಸರಿಯಾಗಿ ಬಂದಿಲ್ಲ. ಸರ್ಕಾರಗಳು "ಕ್ಯಾನ್ಸರ್ ಚಿಕಿತ್ಸೆ ಉಚಿತ" ಎಂದು ಘೋಷಿಸಿದಾಗ ಒಂದು ವಿಷಯವನ್ನು ಗಮನಿಸಿ: ಹೆಚ್ಚಿನ ಯೋಜನೆಗಳಲ್ಲಿ ಉಚಿತ ಎಂಬುದು ಕ್ಯಾನ್ಸರ್ ಖಚಿತವಾದ ಮೇಲಿನ ಚಿಕಿತ್ಸೆಗೆ ಅನ್ವಯಿಸುತ್ತದೆ. ಖಚಿತಪಡಿಸಿಕೊಳ್ಳುವ ಖರ್ಚು, ಅಂದರೆ ಸ್ಕ್ಯಾನಿಂಗ್, ಬಯಾಪ್ಸಿ, ಗ್ರಾಹಕ ಪರೀಕ್ಷೆ, ಓಡಾಟ ಮತ್ತು ಕಳೆದುಕೊಂಡ ಕೂಲಿ, ರೋಗಿಯ ತಲೆಗೇ ಕಟ್ಟಲ್ಪಡುತ್ತದೆ. ಮೆಕ್ಸಿಕೋದ ಸೆಗುರೊ ಪಾಪ್ಯುಲರ್ ಎಂಬ ಸರ್ಕಾರಿ ಆರೋಗ್ಯ ವಿಮೆ 2007ರಿಂದ ಸ್ತನ ಕ್ಯಾನ್ಸರ್ ಚಿಕಿತ್ಸೆಯನ್ನು ಭರಿಸತೊಡಗಿತು. ಆದರೂ ಹೊಸತೊರೆಯವರು ಹೇಳಿದ ಆ 4 ತಿಂಗಳ ಅಲೆದಾಟ ಕಂಡುಬಂದದ್ದು ಅದೇ ದೇಶದಲ್ಲಿ, ಆ ಬಳಿಕದ ವರ್ಷಗಳಲ್ಲಿಯೇ. ಮುಂದೆ ಉಚಿತ ಚಿಕಿತ್ಸೆ ಇದ್ದರೂ ಅಲ್ಲಿಯವರೆಗಿನ ದಾರಿ ತೆರೆದಿರಲಿಲ್ಲ.

ಆಗ್ನೇಯ ಏಷ್ಯಾದ ಎಂಟು ದೇಶಗಳ 9,513 ಕ್ಯಾನ್ಸರ್ ರೋಗಿಗಳನ್ನು ಅನುಸರಿಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗನಿರ್ಣಯವಾದ ಒಂದು ವರ್ಷದೊಳಗೆ ಶೇ. 29 ಮಂದಿ ತೀರಿಕೊಂಡಿದ್ದರು ಮತ್ತು ಶೇ. 48 ಮಂದಿಯ ಕುಟುಂಬಗಳು ಆರ್ಥಿಕವಾಗಿ ನೆಲಕಚ್ಚಿದ್ದವು. ಇದನ್ನು ನೆರೆಯವರು, ನೆಂಟರು ಕಣ್ಣಾರೆ ಕಾಣುತ್ತಾರೆ. ಒಂದು ಗಂಟಿಗಾಗಿ ಜಮೀನು ಹೋಗುತ್ತದೆ ಎಂದು ಗೊತ್ತಿರುವ ತಾಯಿ ಅದನ್ನು ಮುಚ್ಚಿಟ್ಟರೆ, ಆಕೆಗೆ ಲೆಕ್ಕ ಗೊತ್ತಿಲ್ಲ ಎನ್ನಲಾಗದು.

---

ಅರಿವಿನಹಾದಿ

ಈ ಮಾತು ನನ್ನ ನಿಲುವನ್ನು ಸ್ವಲ್ಪ ಸಡಿಲಿಸಿದೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ, ಕತ್ತರಿ ತಾಗಿದರೆ ಸಾವು ಬೇಗ ಬರುತ್ತದೆ ಎಂಬ ನಂಬಿಕೆಗಳನ್ನು ನಾವು ಮೂಢನಂಬಿಕೆಯ ಪಟ್ಟಿಗೆ ಸೇರಿಸಿ ಪ್ರಚಾರ ಮಾಡುತ್ತೇವೆ. ಆದರೆ ಒಂದು ಊರಿನವರು ಕಂಡ ರೋಗಿಗಳೆಲ್ಲ ನಾಲ್ಕನೆಯ ಹಂತದಲ್ಲಿ ಆಸ್ಪತ್ರೆಗೆ ಹೋಗಿ, ಬಯಾಪ್ಸಿ ಆಗಿ, ಕೆಲವೇ ತಿಂಗಳಲ್ಲಿ ತೀರಿಕೊಂಡವರಾಗಿದ್ದರೆ, ಅವರು ಬೇರೆ ಯಾವ ತೀರ್ಮಾನಕ್ಕೆ ಬರಬೇಕು? ಬೇಗ ಬಂದು ಗುಣವಾದವರು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಗುಣವಾದವರು ಸಹ ಮಗಳ ಮದುವೆಗೆ ಅಡ್ಡಿಯಾದೀತೆಂದು ರೋಗದ ಸುದ್ದಿಯನ್ನು ಹೊರಗೆ ಬಿಡುವುದಿಲ್ಲ. ಹೀಗಾಗಿ ಸಾವುಗಳಷ್ಟೇ ಸುದ್ದಿಯಾಗುತ್ತವೆ, ಮತ್ತು ಆ ಸುದ್ದಿ ಮುಂದಿನ ಮಹಿಳೆಯನ್ನು ಮನೆಯಲ್ಲಿಯೇ ಕೂರಿಸುತ್ತದೆ.

ಸ್ತನವನ್ನೇ ತೆಗೆಯುತ್ತಾರೆಂಬ ಭಯವೂ ಆಧಾರವಿಲ್ಲದ್ದಲ್ಲ. ಗಂಟಿನ ಭಾಗವನ್ನು ಮಾತ್ರ ತೆಗೆದು ಸ್ತನ ಉಳಿಸಬೇಕಾದರೆ ಸಾಮಾನ್ಯವಾಗಿ ಅದರ ನಂತರ ವಿಕಿರಣ ಚಿಕಿತ್ಸೆ ಬೇಕು. ವಿಕಿರಣ ಯಂತ್ರವೇ ಇಲ್ಲದ ದೇಶಗಳಲ್ಲಿ, ಬೇಗ ಬಂದವಳಿಗೂ ಪೂರ್ತಿ ಸ್ತನ ತೆಗೆಯುವ ದಾರಿಯೊಂದೇ ಉಳಿಯುತ್ತದೆ. "ಬೇಗ ಬಂದರೆ ಸ್ತನ ಉಳಿಯುತ್ತದೆ" ಎಂದು ಪ್ರಚಾರದಲ್ಲಿ ಭರವಸೆ ಕೊಡುವ ಮೊದಲು ನಾವು ಇದನ್ನು ವಿಚಾರಿಸಿಕೊಂಡಿರಬೇಕು.

---

ದೂರದೃಷ್ಟಿ

ಮ್ಯಾಮೊಗ್ರಾಮ್ ಯಂತ್ರದ ಮಾತನ್ನು ಕೈಬಿಟ್ಟೆ. ಹಾಗಾದರೆ ಒಂದು ಸರ್ಕಾರ ಮೊದಲು ಎಲ್ಲಿ ಕೈಹಾಕಬೇಕು?

---

ಶುಶ್ರೂಷಕಿ_ಹಿರಿಯ

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರಂಭಿಸಿದ ಜಾಗತಿಕ ಸ್ತನ ಕ್ಯಾನ್ಸರ್ ಉಪಕ್ರಮದಲ್ಲಿ ಮೂರು ಗುರಿಗಳಿವೆ: ಪತ್ತೆಯಾಗುವ ಕ್ಯಾನ್ಸರುಗಳಲ್ಲಿ ಶೇ. 60ಕ್ಕಿಂತ ಹೆಚ್ಚು ಮೊದಲೆರಡು ಹಂತಗಳಲ್ಲಿರಬೇಕು, ಮೊದಲ ಭೇಟಿಯಿಂದ 60 ದಿನಗಳೊಳಗೆ ರೋಗನಿರ್ಣಯ ಮುಗಿಯಬೇಕು, ಶೇ. 80ಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆಯನ್ನು ಪೂರ್ತಿಗೊಳಿಸಬೇಕು. ನನ್ನನ್ನು ಕೇಳಿದರೆ ನಡುವಿನ ಗುರಿಯಿಂದ ಶುರುಮಾಡಬೇಕು, ಏಕೆಂದರೆ ಅದು ಆಡಳಿತದ ಕೈಯಲ್ಲಿಯೇ ಇದೆ.

ಆದರೆ ಆ 60 ದಿನಗಳನ್ನು ಎಣಿಸುವವರು ಯಾರು? ಹೆಚ್ಚಿನ ಕಡೆ ಮೊದಲ ಭೇಟಿ ಎಲ್ಲಿಯೂ ದಾಖಲಾಗಿರುವುದಿಲ್ಲ. ಕ್ಯಾನ್ಸರ್ ಆಸ್ಪತ್ರೆಯ ಕಡತ ತೆರೆದುಕೊಳ್ಳುವುದೇ ಬಯಾಪ್ಸಿ ವರದಿಯಿಂದ, ಅದಕ್ಕೂ ಹಿಂದಿನ ತಿಂಗಳುಗಳು ರೋಗಿಯ ನೆನಪಿನಲ್ಲಿ ಮಾತ್ರ ಇರುತ್ತವೆ. ಕೆಳಗಿನ ಕೇಂದ್ರ ಮೇಲಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟಾಗ ಅದರ ಪ್ರತಿ ಕೇಂದ್ರದಲ್ಲಿಯೇ ಉಳಿಯಬೇಕು. ಹದಿನೈದು ದಿನಗಳಲ್ಲಿ ಮೇಲಿನಿಂದ ಉತ್ತರ ಬಾರದಿದ್ದರೆ ಆಕೆಗೆ ಫೋನ್ ಮಾಡುವ ಕೆಲಸವನ್ನು ಒಬ್ಬ ನಿರ್ದಿಷ್ಟ ವ್ಯಕ್ತಿಗೆ ವಹಿಸಬೇಕು. ಇದಕ್ಕೆ ಒಂದು ಪುಸ್ತಕ, ಒಂದು ಫೋನ್ ಮತ್ತು ಅರ್ಧ ದಿನದ ಸಂಬಳ ಸಾಕು.

---

ಗಾಜಿನಪಟ್ಟಿ

ಆ ಪಟ್ಟಿಗೆ ದಪ್ಪ ಸೂಜಿಯನ್ನೂ ಸೇರಿಸಿ. ಜೊತೆಗೆ ಸರಿಯಾದ ಅಳತೆಯ ಫಾರ್ಮಲಿನ್ ಮೊದಲೇ ತುಂಬಿಟ್ಟ ಬಾಟಲಿಗಳಿರಲಿ, ಅವುಗಳ ಮೇಲೆ ರೋಗಿಯ ವಯಸ್ಸು, ಗಂಟಿನ ಕಡೆ, ಮಾದರಿ ತೆಗೆದ ಗಂಟೆ ಇಷ್ಟನ್ನು ಬರೆಯಲು ಜಾಗವಿರಲಿ, ಮತ್ತು ಅವುಗಳನ್ನು ತಲುಪಿಸುವುದು ಮನೆಯವರ ಬದಲು ಆಸ್ಪತ್ರೆಯ ಜವಾಬ್ದಾರಿಯಾಗಲಿ. ಓದಲು ಬರುವಂಥ ಮಾದರಿ ಕೈಗೆ ಬಂದರೆ ವಾರದೊಳಗೆ ವರದಿ ಕೊಡುವುದು ನಮ್ಮಂಥ ಸಣ್ಣ ಪ್ರಯೋಗಾಲಯಕ್ಕೂ ಸಾಧ್ಯವಿದೆ.